ವೈದ್ಯಕೀಯ ತಪಾಸಣೆಗಳು: ಅಗತ್ಯವೆಷ್ಟು, ಅನಗತ್ಯವೆಷ್ಟು?

ಹೆಂಚು, ಗೋಡಂಬಿ, ಬೀಡಿ, ಮೀನುಗಾರಿಕೆ ಹಾಗೂ ಬಂದರಿನ ವ್ಯಾಪಾರಕ್ಕೆ ಹೆಸರಾದ ಮಂಗಳೂರು ವೈದ್ಯಕೀಯ ಸೇವೆಗೂ ಅಷ್ಟೇ ಹೆಸರುವಾಸಿಯಾಗಿದೆ. 1848ರಲ್ಲಿ ಸ್ಥಾಪನೆಗೊಂಡ ವೆನ್ಲಾಕ್ ಆಸ್ಪತ್ರೆ, 1880ರಲ್ಲಿ ಕಂಕನಾಡಿಯಲ್ಲಿ ಸಣ್ಣ ಹೋಮಿಯೋಪಥಿ ಔಷಧಾಲಯವಾಗಿ ಆರಂಭವಾದ ಫಾದರ್ ಮುಲ್ಲರ್ ಸಂಸ್ಥೆ, 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಸ್ಥಾಪಿಸಿದ ಕಸ್ತೂರಬಾ ವೈದ್ಯಕೀಯ ಕಾಲೇಜು ಇವು ಹಾಕಿಕೊಟ್ಟ ತಳಹದಿಯ ಮೇಲೆ ಇಂದು ನಗರದಲ್ಲಿ ಹಾಗೂ ಸುತ್ತಮುತ್ತ ಅರ್ಧ ಡಜನಿಗೂ ಮಿಕ್ಕಿ ವೈದ್ಯಕೀಯ ಕಾಲೇಜುಗಳೂ ಅನೇಕ ಖಾಸಗಿ ಆಸ್ಪತ್ರೆಗಳೂ ಬೆಳೆದು ನಿಂತಿವೆ. ಕಾಸರಗೋಡು, ಉಡುಪಿ, ಉತ್ತರ ಕನ್ನಡ, ಕೊಡಗು, ಚಿಕ್ಕಮಗಳೂರು ಜಿಲ್ಲೆಗಳ ರೋಗಿಗಳು ಇಲ್ಲಿಗೇ ಬರುತ್ತಾರೆ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಕಾರಣದಿಂದ ತಲಪಾಡಿ ಗಡಿಯನ್ನು ಮುಚ್ಚಿದಾಗ ಕಾಸರಗೋಡಿನ ರೋಗಿಗಳ ಪ್ರಶ್ನೆಯು ಕೇರಳ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೂ ಹೋದದ್ದು ಈ ಅವಲಂಬನೆಗೆ ಸಾಕ್ಷಿಯಾಗಿದೆ.

ಆಸ್ಪತ್ರೆಗಳು ಬೆಳೆದಂತೆ ತಪಾಸಣಾ ವ್ಯವಸ್ಥೆಯೂ ಬೆಳೆದಿದೆ. ರಕ್ತಪರೀಕ್ಷೆಯ ಲ್ಯಾಬುಗಳು, ಅಲ್ಟ್ರಾಸೌಂಡ್, ಸಿ.ಟಿ. ಮತ್ತು ಎಂ.ಆರ್.ಐ. ಸ್ಕ್ಯಾನಿಂಗ್ ಕೇಂದ್ರಗಳು ಇಂದು ಸುಲಭವಾಗಿ ದೊರೆಯುತ್ತವೆ. ಇದರಿಂದ ಅಸಂಖ್ಯ ಜೀವಗಳು ಉಳಿದಿವೆ ಎಂಬುದು ನಿರ್ವಿವಾದ. ಆದರೆ ಔಷಧಿಯ ಚೀಟಿಗಿಂತ ತಪಾಸಣೆಯ ಚೀಟಿಯೇ ಉದ್ದವಾಗಿದೆ ಎಂಬ ದೂರು ಕೂಡ ಮನೆಮನೆಯಲ್ಲಿ ಕೇಳಿಬರುತ್ತಿದೆ. ಸಣ್ಣ ವ್ಯಾಪಾರಸ್ಥರಿಗೂ ಉದ್ದಿಮೆದಾರರಿಗೂ ಈ ಪ್ರಶ್ನೆ ಎರಡು ವಿಧದಲ್ಲಿ ಸಂಬಂಧಿಸಿದೆ. ಕುಟುಂಬದ ಖರ್ಚು ಒಂದು ಕಡೆಯಾದರೆ, ನೌಕರರ ಗುಂಪು ವಿಮೆಯ ಪ್ರೀಮಿಯಂ ಇನ್ನೊಂದು ಕಡೆ. ಎರಡನ್ನೂ ಕೊನೆಗೆ ಭರಿಸುವುದು ಒಂದೇ ಗಲ್ಲಾಪೆಟ್ಟಿಗೆ.

ಅನಗತ್ಯ ತಪಾಸಣೆಗೆ ವೈದ್ಯರ ದುರಾಸೆಯೊಂದೇ ಕಾರಣವೆಂದು ತೀರ್ಮಾನಿಸುವುದು ಸುಲಭ. ಆದರೆ ಲೆಕ್ಕಪತ್ರದ ದೃಷ್ಟಿಯಿಂದ ನೋಡಿದಾಗ ಬೇರೊಂದು ಚಿತ್ರ ಕಾಣುತ್ತದೆ. ಪರೀಕ್ಷೆ ಬರೆದವರಿಗೆ ಆದಾಯವುಂಟು, ಬರೆಯದವರಿಗೆ ಅಪಾಯವುಂಟು, ಬೇಡವೆಂದು ವಿವರಿಸಿ ಹೇಳಿದವರಿಗೆ ಪ್ರತಿಫಲವಿಲ್ಲ ಎಂಬ ವ್ಯವಸ್ಥೆಯನ್ನು ಸಮಾಜವೇ ಕಟ್ಟಿಕೊಂಡಿದೆ. ಅದರ ಒಂದೊಂದು ಬಾಬತ್ತನ್ನೂ ಬಿಡಿಸಿ ನೋಡುವುದು ಇಲ್ಲಿಯ ಉದ್ದೇಶ.

ಅನಗತ್ಯ ಎಂದರೇನು?

ಮೊದಲಿಗೆ ಅಳತೆಗೋಲನ್ನು ನಿಗದಿಪಡಿಸಿಕೊಳ್ಳಬೇಕು. ಪರೀಕ್ಷೆಯ ಫಲಿತಾಂಶವು ‘ನಾರ್ಮಲ್’ ಎಂದು ಬಂದ ಮಾತ್ರಕ್ಕೆ ಆ ಪರೀಕ್ಷೆ ಅನಗತ್ಯವಾಗಿತ್ತೆಂದು ಹೇಳಲಾಗದು. ಫಲಿತಾಂಶ ಏನೇ ಬಂದರೂ ಚಿಕಿತ್ಸೆಯಲ್ಲಿ ಯಾವ ಬದಲಾವಣೆಯೂ ಆಗುವುದಿಲ್ಲವೆಂದಾದರೆ ಮಾತ್ರ ಅದನ್ನು ಅನಗತ್ಯವೆನ್ನಬಹುದು.

1990ರ ದಶಕದಿಂದ ಮಲೇರಿಯಾ ಬಾಧೆಯನ್ನು ಚೆನ್ನಾಗಿ ಅರಿತಿರುವ ಮಂಗಳೂರಿಗರಿಗೆ ಇದರ ಉದಾಹರಣೆ ಪರಿಚಿತವೇ ಆಗಿದೆ. ಜ್ವರ ಬಂದಾಗ ರಕ್ತಲೇಪನದ ಪರೀಕ್ಷೆಯನ್ನು ಮಾಡಿಸುತ್ತಾರೆ. ವೈವಾಕ್ಸ್ ಮಲೇರಿಯಾ ಎಂದು ತಿಳಿದುಬಂದರೆ ಒಂದು ಬಗೆಯ ಔಷಧಿ, ಫಾಲ್ಸಿಪಾರಂ ಎಂದಾದರೆ ಇನ್ನೊಂದು ಬಗೆಯ ಔಷಧಿ, ಎರಡೂ ಅಲ್ಲವೆಂದಾದರೆ ಬೇರೆ ರೋಗದ ಶೋಧನೆ. ಅಲ್ಪ ವೆಚ್ಚದ ಈ ಪರೀಕ್ಷೆಯು ಚಿಕಿತ್ಸೆಯ ದಾರಿಯನ್ನೇ ನಿರ್ಧರಿಸುತ್ತದೆ. ಅಗತ್ಯ ತಪಾಸಣೆಗೆ ಇದಕ್ಕಿಂತ ಉತ್ತಮ ಮಾದರಿ ಬೇಕಿಲ್ಲ.

ಇದಕ್ಕೆ ಪ್ರತಿಯಾಗಿ ಬೆನ್ನುನೋವನ್ನು ತೆಗೆದುಕೊಳ್ಳಬಹುದು. ಗಲ್ಲಾದಲ್ಲಿ ದಿನವಿಡೀ ಕುಳಿತಿರುವವರಿಗೂ ಗೋದಾಮಿನಲ್ಲಿ ಮೂಟೆ ಎತ್ತುವವರಿಗೂ ಬೆನ್ನುನೋವು ಬರುವುದು ಸಾಮಾನ್ಯ. ಜ್ವರ, ತೂಕ ಇಳಿಕೆ, ಕಾಲುಗಳ ಬಲಹೀನತೆ, ಮಲಮೂತ್ರಗಳ ಮೇಲಿನ ಹತೋಟಿ ತಪ್ಪುವುದು, ಅಪಘಾತ, ಹಿಂದೆ ಕ್ಯಾನ್ಸರ್ ಆಗಿರುವುದು ಮೊದಲಾದ ಅಪಾಯದ ಲಕ್ಷಣಗಳು ಇಲ್ಲದಿದ್ದಲ್ಲಿ ಮೊದಲ ಆರು ವಾರಗಳ ಕಾಲ ಸ್ಕ್ಯಾನಿಂಗ್ ಬೇಡವೆಂದು 2012ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಚೂಸಿಂಗ್ ವೈಸ್ಲಿ’ ಎಂಬ ವೈದ್ಯರ ಆಂದೋಲನವು ಸಲಹೆ ನೀಡಿತು. ಇದಕ್ಕೆ ಕಾರಣವೂ ಉಂಟು. ಬೆನ್ನುನೋವೇ ಇಲ್ಲದ ಜನರ ಸ್ಕ್ಯಾನಿಂಗ್ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ 20 ವರ್ಷ ವಯಸ್ಸಿನವರಲ್ಲಿ ಶೇ. 37, 50 ವರ್ಷದವರಲ್ಲಿ ಶೇ. 80 ಹಾಗೂ 80 ವರ್ಷದವರಲ್ಲಿ ಶೇ. 96 ಮಂದಿಯಲ್ಲಿ ಡಿಸ್ಕಿನ ಸವೆತ ಕಂಡುಬಂದಿತ್ತು. ಅಂದರೆ ಕೂದಲು ನರೆಯುವಂತೆ ಡಿಸ್ಕ್ ಕೂಡ ಸವೆಯುತ್ತದೆ. ಆದರೆ ವರದಿಯಲ್ಲಿ ಆ ಮಾತನ್ನು ಓದಿದ ರೋಗಿಯು ತನಗೆ ದೊಡ್ಡ ಕಾಯಿಲೆಯಿದೆ ಎಂದು ನಂಬಿ ಶಸ್ತ್ರಚಿಕಿತ್ಸೆಯ ಕುರಿತು ಚಿಂತಿಸತೊಡಗುತ್ತಾನೆ. ಅನಗತ್ಯ ಪರೀಕ್ಷೆಯ ವೆಚ್ಚವು ಅದರ ಬಿಲ್ಲಿನೊಂದಿಗೆ ಮುಗಿಯುವುದಿಲ್ಲ. ಅದು ಮುಂದಿನ ಬಿಲ್ಲುಗಳಿಗೆ ನಾಂದಿಯಾಗುತ್ತದೆ.

ಸಿ.ಟಿ. ಸ್ಕ್ಯಾನಿನ ವಿಷಯದಲ್ಲಿ ಹಣಕ್ಕೆ ಮೀರಿದ ಇನ್ನೊಂದು ವೆಚ್ಚವಿದೆ. ಎಂ.ಆರ್.ಐ.ಯಲ್ಲಿ ಇಲ್ಲದ ಕ್ಷ-ಕಿರಣದ ವಿಕಿರಣವು ಸಿ.ಟಿ.ಯಲ್ಲಿ ಇರುತ್ತದೆ. ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನಿನಿಂದ ದೇಹಕ್ಕೆ ತಗಲುವ ವಿಕಿರಣದ ಪ್ರಮಾಣವು ಎದೆಯ ಒಂದು ಎಕ್ಸ್-ರೇಗೆ ಹೋಲಿಸಿದರೆ ಸುಮಾರು 80ರಿಂದ 100 ಪಟ್ಟು ಅಧಿಕವಾಗಿರುತ್ತದೆ. ಅಗತ್ಯವಿದ್ದಾಗ ಇದು ಸ್ವೀಕಾರಾರ್ಹ. ಅಗತ್ಯವಿಲ್ಲದಾಗ ವಿನಾಕಾರಣದ ಹೊರೆ.

ದಲ್ಲಾಳಿ: ವ್ಯಾಪಾರದಲ್ಲಿ ಮತ್ತು ವೈದ್ಯಕೀಯದಲ್ಲಿ

ಹಾಗಾದರೆ ಅಗತ್ಯವಿಲ್ಲದ ಪರೀಕ್ಷೆಯನ್ನು ಬರೆಯುವುದೇಕೆ? ಜನರ ಬಾಯಲ್ಲಿ ಮೊದಲು ಬರುವ ಉತ್ತರ ಕಮಿಷನ್. ಈ ಆರೋಪವು ಬರಿಯ ಗಾಳಿಮಾತಲ್ಲ ಎಂಬುದು 2017ರಲ್ಲಿ ಬೆಂಗಳೂರಿನಲ್ಲಿ ಬೆಳಕಿಗೆ ಬಂತು. ಆದಾಯ ತೆರಿಗೆ ಇಲಾಖೆಯು ಅಲ್ಲಿನ ಎರಡು ಐ.ವಿ.ಎಫ್. ಕೇಂದ್ರಗಳು ಮತ್ತು ಐದು ಡಯಾಗ್ನಾಸ್ಟಿಕ್ ಕೇಂದ್ರಗಳಲ್ಲಿ ಶೋಧ ನಡೆಸಿ, ಆ ವರ್ಷದ ಡಿಸೆಂಬರ್ ಆರಂಭದಲ್ಲಿ ತನ್ನ ಹೇಳಿಕೆಯನ್ನು ಪ್ರಕಟಿಸಿತು. ರೋಗಿಗಳನ್ನು ಕಳುಹಿಸಿಕೊಟ್ಟ ವೈದ್ಯರಿಗೆ ಎಂ.ಆರ್.ಐ.ಗೆ ಶೇ. 35, ಸಿ.ಟಿ. ಹಾಗೂ ಲ್ಯಾಬ್ ಪರೀಕ್ಷೆಗಳಿಗೆ ಶೇ. 20 ಕಮಿಷನ್ ಸಂದಾಯವಾಗುತ್ತಿತ್ತು ಮತ್ತು ಅದನ್ನು ಲೆಕ್ಕಪುಸ್ತಕಗಳಲ್ಲಿ ಮಾರುಕಟ್ಟೆ ವೆಚ್ಚವೆಂದು ತೋರಿಸಲಾಗುತ್ತಿತ್ತು ಎಂದು ಇಲಾಖೆ ತಿಳಿಸಿತು. 100 ಕೋಟಿ ರೂಪಾಯಿಗೂ ಮಿಕ್ಕಿದ ಅಘೋಷಿತ ಆದಾಯ ಪತ್ತೆಯಾಗಿದೆ, ಒಂದೇ ಲ್ಯಾಬಿನ ರೆಫರಲ್ ಶುಲ್ಕವು 200 ಕೋಟಿ ರೂಪಾಯಿಯನ್ನು ಮೀರಿದೆ ಎಂದೂ ಅದು ಹೇಳಿತು.

ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಹಣ ಪಾವತಿಯ ವಿಧಾನಗಳು ಇನ್ನೂ ಕುತೂಹಲಕರ. ಇಲಾಖೆಯ ಪ್ರಕಾರ ಕೆಲವೆಡೆ ಪ್ರತಿ ಹದಿನೈದು ದಿನಗಳಿಗೊಮ್ಮೆ ನಗದು ರೂಪದಲ್ಲಿ, ಕೆಲವೆಡೆ ಏಜೆಂಟರ ಮೂಲಕ ಲಕೋಟೆಗಳಲ್ಲಿ, ಕೆಲವೆಡೆ ಚೆಕ್ ಮೂಲಕ ‘ವೃತ್ತಿಪರ ಶುಲ್ಕ’ವೆಂದು, ಇನ್ನು ಕೆಲವೆಡೆ ಆದಾಯ ಹಂಚಿಕೆಯ ಒಪ್ಪಂದದ ಹೆಸರಿನಲ್ಲಿ ಹಣ ಸಂದಾಯವಾಗುತ್ತಿತ್ತು. ಲ್ಯಾಬಿಗೆ ಎಂದೂ ಭೇಟಿ ನೀಡದ, ವರದಿ ಬರೆಯದ ವೈದ್ಯರು ಅದೇ ಲ್ಯಾಬಿನ ಸಲಹಾ ವೈದ್ಯರಾಗಿ ದಾಖಲೆಯಲ್ಲಿದ್ದರು.

ವ್ಯಾಪಾರಸ್ಥರಿಗೆ ಕಮಿಷನ್ ಎಂಬುದು ಹೊಸ ವಿಷಯವೇನೂ ಅಲ್ಲ. ಅಡಿಕೆ, ಕಾಳುಮೆಣಸು, ಮೀನು, ಜಾಗ, ಎಲ್ಲದರಲ್ಲಿಯೂ ದಲ್ಲಾಳಿ ಇದ್ದಾನೆ. ಹಾಗಿರುವಾಗ ವೈದ್ಯರು ಪಡೆದರೆ ತಪ್ಪೇನು ಎಂದು ಕೇಳುವವರೂ ಇದ್ದಾರೆ. ವ್ಯತ್ಯಾಸ ಇಲ್ಲಿದೆ. ಮಂಡಿಯಲ್ಲಿ ದಲ್ಲಾಳಿ ಯಾರ ಪರವಾಗಿ ಮಾತನಾಡುತ್ತಿದ್ದಾನೆಂಬುದು ಎರಡೂ ಕಡೆಯವರಿಗೆ ಗೊತ್ತು. ಅವನ ಪಾಲು ಎಷ್ಟೆಂಬುದು ಲೆಕ್ಕದ ಚೀಟಿಯಲ್ಲಿ ಕಾಣುತ್ತದೆ. ಸರಕಿನ ಗುಣವನ್ನು ಕೊಳ್ಳುವವನೇ ಕೈಯಲ್ಲಿ ಹಿಡಿದು ಪರೀಕ್ಷಿಸಬಲ್ಲ, ದರ ಒಪ್ಪಿಗೆಯಾಗದಿದ್ದಲ್ಲಿ ಪಕ್ಕದ ಅಂಗಡಿಗೆ ಹೋಗಬಲ್ಲ. ವೈದ್ಯರ ಕೊಠಡಿಯಲ್ಲಿ ಈ ನಾಲ್ಕರಲ್ಲಿ ಒಂದೂ ಇಲ್ಲ. ವೈದ್ಯರು ತನ್ನ ಪರವಾಗಿಯೇ ಯೋಚಿಸುತ್ತಿದ್ದಾರೆಂದು ರೋಗಿ ನಂಬಿರುತ್ತಾನೆ. ಆ ನಂಬಿಕೆಗಾಗಿಯೇ ಶುಲ್ಕವನ್ನೂ ತೆತ್ತಿರುತ್ತಾನೆ. ಕೊಳ್ಳುವವನಿಂದ ಹಣ ಪಡೆದು, ಅವನಿಗೆ ತಿಳಿಯದಂತೆ ಮಾರುವವನಿಂದಲೂ ಹಣ ಪಡೆಯುವ ಏಜೆಂಟನನ್ನು ಬಂದರಿನ ಯಾವ ವ್ಯಾಪಾರಿಯೂ ಎರಡನೆಯ ಬಾರಿ ನಂಬಲಾರ.

ಹಾಗೆಂದು ಎಲ್ಲ ವೈದ್ಯರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವಾದೀತು. ಈ ಪದ್ಧತಿಯನ್ನು ಬಯಲಿಗೆಳೆದವರಲ್ಲಿ ವೈದ್ಯರೇ ಮುಂಚೂಣಿಯಲ್ಲಿದ್ದಾರೆ. ಡಾ. ಅರುಣ್ ಗದ್ರೆ ಮತ್ತು ಡಾ. ಅಭಯ್ ಶುಕ್ಲಾ ಅವರು 78 ವೈದ್ಯರನ್ನು ಸಂದರ್ಶಿಸಿ 2016ರಲ್ಲಿ ಪ್ರಕಟಿಸಿದ ‘ಡಿಸೆಂಟಿಂಗ್ ಡಯಾಗ್ನಾಸಿಸ್’ ಎಂಬ ಗ್ರಂಥವು ಕಮಿಷನ್ ಪದ್ಧತಿಯನ್ನೂ ಕಾರ್ಪೊರೇಟ್ ಆಸ್ಪತ್ರೆಗಳಲ್ಲಿ ವೈದ್ಯರ ಮೇಲೆ ಬೀಳುವ ಒತ್ತಡವನ್ನೂ ಅವರ ಬಾಯಿಯಿಂದಲೇ ದಾಖಲಿಸಿದೆ.

ಯಂತ್ರದ ಹೊಟ್ಟೆ ತುಂಬಿಸುವ ಲೆಕ್ಕ

ಯಾವ ಕಮಿಷನ್ನೂ ಪಡೆಯದ ಆಸ್ಪತ್ರೆಯಲ್ಲಿಯೂ ಹೆಚ್ಚು ಪರೀಕ್ಷೆಗಳು ನಡೆಯುವುದುಂಟು. ಇದಕ್ಕೆ ಕಾರಣವನ್ನು ಯಂತ್ರದ ಬಂಡವಾಳದಲ್ಲಿ ಹುಡುಕಬೇಕು. ಒಂದು ಕಾಲ್ಪನಿಕ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ.

6 ಕೋಟಿ ರೂಪಾಯಿಯ ಒಂದು ಎಂ.ಆರ್.ಐ. ಯಂತ್ರವನ್ನು ಸಾಲ ಮಾಡಿ ಸ್ಥಾಪಿಸಲಾಗಿದೆ ಎಂದಿಟ್ಟುಕೊಳ್ಳೋಣ. ಹತ್ತು ವರ್ಷಗಳ ಆಯುಷ್ಯದಂತೆ ವಾರ್ಷಿಕ ಸವಕಳಿ 60 ಲಕ್ಷ, ಶೇ. 10ರಂತೆ ಮೊದಲ ವರ್ಷದ ಬಡ್ಡಿ 60 ಲಕ್ಷ, ನಿರ್ವಹಣಾ ಒಪ್ಪಂದ, ವಿದ್ಯುತ್, ಬಾಡಿಗೆ, ಸಿಬ್ಬಂದಿ ಸೇರಿ 1 ಕೋಟಿ 20 ಲಕ್ಷ. ಒಟ್ಟು ವರ್ಷಕ್ಕೆ 2 ಕೋಟಿ 40 ಲಕ್ಷ, ತಿಂಗಳಿಗೆ 20 ಲಕ್ಷ ರೂಪಾಯಿ. ಯಂತ್ರ ಓಡಲಿ, ಓಡದಿರಲಿ, ಈ ವೆಚ್ಚ ತಪ್ಪುವುದಿಲ್ಲ. ಒಂದು ಸ್ಕ್ಯಾನಿಗೆ 6,000 ರೂಪಾಯಿ ದರ ಹಾಗೂ 1,000 ರೂಪಾಯಿ ನೇರ ವೆಚ್ಚವಾದರೆ 5,000 ಉಳಿಯುತ್ತದೆ. ಆಗ ಲಾಭವೂ ಇಲ್ಲದ, ನಷ್ಟವೂ ಇಲ್ಲದ ಮಟ್ಟ ತಲಪಲು ತಿಂಗಳಿಗೆ 400 ಸ್ಕ್ಯಾನ್ ಬೇಕು. 25 ಕೆಲಸದ ದಿನಗಳೆಂದರೆ ದಿನಕ್ಕೆ 16.

ಇನ್ನು ಇದೇ ಲೆಕ್ಕಕ್ಕೆ ಶೇ. 35ರ ಕಮಿಷನ್ ಸೇರಿಸಿ ನೋಡಬಹುದು. ಪ್ರತಿ ಸ್ಕ್ಯಾನಿಗೆ 2,100 ರೂಪಾಯಿ ಹೊರಗೆ ಹೋಗುವುದರಿಂದ ಉಳಿಯುವುದು 2,900 ಮಾತ್ರ. ಆಗ ಬ್ರೇಕ್ ಈವನ್ ತಲಪಲು ತಿಂಗಳಿಗೆ 690, ಅಂದರೆ ದಿನಕ್ಕೆ ಸುಮಾರು 28 ಸ್ಕ್ಯಾನ್ ಬೇಕಾಗುತ್ತದೆ. ರೋಗಿಗಳನ್ನು ಸೆಳೆಯಲೆಂದು ಕೊಡುವ ಕಮಿಷನ್ನೇ ಇನ್ನಷ್ಟು ರೋಗಿಗಳ ಅಗತ್ಯವನ್ನು ಸೃಷ್ಟಿಸುತ್ತದೆ. ಅದನ್ನು ಪೂರೈಸಲು ಮತ್ತೆ ಕಮಿಷನ್ ಕೊಡಬೇಕಾಗುತ್ತದೆ. ಇಲ್ಲವಾದರೆ ದರವನ್ನು ಏರಿಸಬೇಕು. ಹೇಗೇ ಆದರೂ ಹೊರೆ ಬೀಳುವುದು ರೋಗಿಯ ಮೇಲೆ. ಒಂದೇ ಊರಿನಲ್ಲಿ ಅಗತ್ಯಕ್ಕಿಂತ ಹೆಚ್ಚು ಯಂತ್ರಗಳು ಬಂದಾಗ ಸ್ಪರ್ಧೆಯಿಂದ ದರ ಇಳಿಯಬೇಕೆಂಬುದು ಅರ್ಥಶಾಸ್ತ್ರದ ಸಾಮಾನ್ಯ ನಿಯಮ. ಆದರೆ ಇಲ್ಲಿ ಬೇಡಿಕೆಯನ್ನು ನಿರ್ಧರಿಸುವವರು ಹಣ ಕೊಡುವವರಲ್ಲ, ಚೀಟಿ ಬರೆಯುವವರು. ಆದ್ದರಿಂದ ಸ್ಪರ್ಧೆಯು ದರದ ಬದಲು ಚೀಟಿಗಾಗಿ ನಡೆಯುತ್ತದೆ.

ಸುಪ್ರೀಂ ಕೋರ್ಟು ಕೂಡ ಇದನ್ನು ಗುರುತಿಸಿದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರ ಜನವರಿ 16ರಂದು ನೀಡಿದ ತೀರ್ಪಿನಲ್ಲಿ, ಖಾಸಗಿ ಆಸ್ಪತ್ರೆಗಳು ತಪ್ಪಿಸಬಹುದಾದ ದುಬಾರಿ ತಪಾಸಣೆಗಳನ್ನು ಹಣಕ್ಕಾಗಿ ಸೂಚಿಸುತ್ತವೆ ಎಂಬ ಭಾವನೆ ಮಧ್ಯಮ ವರ್ಗದಲ್ಲಿದೆ ಎಂದೂ, ಶಿಕ್ಷಣಕ್ಕೆ ಕೋಟಿ ಸುರಿದ ತಜ್ಞರು, ಯಂತ್ರಗಳಿಗೆ ಹಲವು ಕೋಟಿ ಹೂಡಿದ ನರ್ಸಿಂಗ್ ಹೋಮುಗಳು ವ್ಯಾಪಾರೀ ಉದ್ದೇಶದಿಂದಲೇ ನಡೆದುಕೊಳ್ಳುತ್ತವೆ ಎಂದು ಜನ ಭಾವಿಸುತ್ತಾರೆಂದೂ ನ್ಯಾಯಾಲಯವು ಉಲ್ಲೇಖಿಸಿತು. ರೋಗನಿರ್ಣಯದ ಪ್ರಕ್ರಿಯೆಗೆ ರೋಗಿಯು ಕೊಟ್ಟ ಒಪ್ಪಿಗೆಯನ್ನು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯೆಂದು ತಿಳಿಯುವಂತಿಲ್ಲ ಎಂಬುದು ಆ ತೀರ್ಪಿನ ಮುಖ್ಯ ಅಂಶ.

ಮೊಕದ್ದಮೆಯ ಭಯ

ಹಣದ ಆಸೆಯೂ ಇಲ್ಲದ, ಯಂತ್ರದ ಸಾಲವೂ ಇಲ್ಲದ ವೈದ್ಯರು ಕೂಡ ‘ಯಾವುದಕ್ಕೂ ಒಂದು ಸ್ಕ್ಯಾನ್ ಮಾಡಿಸಿಬಿಡಿ’ ಎನ್ನುವುದುಂಟು. ಇದರ ಹಿಂದಿರುವುದು ಭಯ. 1995ರ ನವೆಂಬರ್ 13ರಂದು ಇಂಡಿಯನ್ ಮೆಡಿಕಲ್ ಅಸೋಸಿಯೇಶನ್ ವಿರುದ್ಧ ವಿ.ಪಿ. ಶಾಂತಾ ಪ್ರಕರಣದ ತೀರ್ಪಿನಿಂದ ಶುಲ್ಕ ಪಡೆದು ನೀಡುವ ವೈದ್ಯಕೀಯ ಸೇವೆಯು ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬಂತು. ರೋಗಿಗಳ ಹಿತಕ್ಕೆ ಇದು ಮಹತ್ವದ ಹೆಜ್ಜೆಯಾಗಿತ್ತು. 2013ರಲ್ಲಿ ಕೊಲ್ಕತ್ತಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಸುಮಾರು 6 ಕೋಟಿ ರೂಪಾಯಿ ಪರಿಹಾರವನ್ನು ವಿಧಿಸಿದಾಗ ದೇಶದ ವೈದ್ಯ ಸಮುದಾಯ ಬೆಚ್ಚಿತು.

ಗ್ರಾಹಕ ನ್ಯಾಯಾಲಯದಲ್ಲಿ ‘ಈ ಪರೀಕ್ಷೆಯನ್ನು ಏಕೆ ಮಾಡಿಸಲಿಲ್ಲ?’ ಎಂಬ ಪ್ರಶ್ನೆ ಏಳುವುದು ಸಹಜ. ‘ಈ ಪರೀಕ್ಷೆಯನ್ನು ಏಕೆ ಮಾಡಿಸಿದಿರಿ?’ ಎಂದು ಕೇಳುವವರು ವಿರಳ. ಸಾವಿರದಲ್ಲಿ ಒಬ್ಬನಿಗೆ ಇರಬಹುದಾದ ರೋಗ ತಪ್ಪಿಹೋದರೆ ವೈದ್ಯರ ಹೆಸರು ಹಾಳಾಗುತ್ತದೆ. ಉಳಿದ 999 ಮಂದಿಯ ಪರೀಕ್ಷೆಯ ಖರ್ಚು ವೈದ್ಯರ ಖಾತೆಗೆ ಬರುವುದಿಲ್ಲ. ಕ್ರಿಮಿನಲ್ ಮೊಕದ್ದಮೆಯ ಭಯವನ್ನು ತಗ್ಗಿಸಲು 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಘೋರ ನಿರ್ಲಕ್ಷ್ಯವಿದ್ದಲ್ಲಿ ಮಾತ್ರ ವೈದ್ಯರ ಮೇಲೆ ಕ್ರಿಮಿನಲ್ ಹೊಣೆ ಬರುತ್ತದೆ ಎಂದು ಸ್ಪಷ್ಟಪಡಿಸಿತು. ಆದರೂ ರೋಗಿ ಮೃತಪಟ್ಟಾಗ ಆಸ್ಪತ್ರೆಯ ಗಾಜು ಒಡೆಯುವ, ವೈದ್ಯರ ಮೇಲೆ ಕೈಮಾಡುವ ಘಟನೆಗಳು ನಿಂತಿಲ್ಲ. ಪ್ರತಿಯೊಂದು ಹಲ್ಲೆಯ ನಂತರವೂ ನಾಲ್ಕಾರು ಪರೀಕ್ಷೆಗಳು ಚೀಟಿಗೆ ಸೇರುತ್ತವೆ ಎಂಬುದನ್ನು ಸಮಾಜ ಅರಿಯಬೇಕು.

ಪುನರಾವರ್ತನೆಗೂ ಇಂಥದೇ ಕಾರಣವಿದೆ. ಒಂದು ಆಸ್ಪತ್ರೆಯ ವರದಿಯನ್ನು ಇನ್ನೊಂದು ಆಸ್ಪತ್ರೆ ಒಪ್ಪುವುದಿಲ್ಲವೆಂಬ ದೂರಿನಲ್ಲಿ ಸತ್ಯವಿದೆ. ಆದರೆ ಎಲ್ಲ ಲ್ಯಾಬುಗಳ ಗುಣಮಟ್ಟವೂ ಒಂದೇ ಆಗಿಲ್ಲ. ತಾನು ನೋಡದ ಲ್ಯಾಬಿನ ವರದಿಯನ್ನು ನಂಬಿ ಶಸ್ತ್ರಚಿಕಿತ್ಸೆ ಮಾಡಿದರೆ ಹೊಣೆ ಹೊರಬೇಕಾದವರು ಶಸ್ತ್ರವೈದ್ಯರೇ.

ರೋಗಿಯ ಪಾಲೂ ಇದೆ

ಬೇಡಿಕೆಯ ಕಡೆಯಿಂದಲೂ ಒತ್ತಡವಿದೆ ಎಂಬುದನ್ನು ಮರೆಯಲಾಗದು. ಪರೀಕ್ಷೆ ಬರೆಯದ ವೈದ್ಯರು ಸರಿಯಾಗಿ ನೋಡಲಿಲ್ಲವೆಂಬ ಭಾವನೆ ವಿದ್ಯಾವಂತರಲ್ಲಿಯೂ ಇದೆ. ‘ಫುಲ್ ಬಾಡಿ ಚೆಕಪ್’ ಎಂಬ ಹೆಸರಿನ ಪ್ಯಾಕೇಜುಗಳು ಹಬ್ಬದ ರಿಯಾಯಿತಿಯಂತೆ ಜಾಹೀರಾತಾಗುತ್ತಿವೆ. 20 ಪರೀಕ್ಷೆಗಿಂತ 60 ಪರೀಕ್ಷೆಯ ಪ್ಯಾಕೇಜು ಲಾಭದಾಯಕವೆಂದು ಗ್ರಾಹಕರು ಲೆಕ್ಕ ಹಾಕುತ್ತಾರೆ.

ಇಲ್ಲಿ ಇನ್ನೊಂದು ಲೆಕ್ಕವನ್ನು ಗಮನಿಸಬೇಕು. ಸಾಮಾನ್ಯವಾಗಿ ಪ್ರಯೋಗಾಲಯದ ‘ನಾರ್ಮಲ್’ ಮಿತಿಯನ್ನು ಆರೋಗ್ಯವಂತರಲ್ಲಿ ಶೇ. 95 ಮಂದಿ ಅದರೊಳಗೆ ಬರುವಂತೆ ನಿಗದಿಪಡಿಸಲಾಗುತ್ತದೆ. ಅಂದರೆ ಪೂರ್ಣ ಆರೋಗ್ಯವಂತನಿಗೂ ಒಂದು ಪರೀಕ್ಷೆಯಲ್ಲಿ ಮಿತಿ ಮೀರುವ ಸಂಭವ ಶೇ. 5. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಮಾಡಿಸಿದರೆ ಅವುಗಳಲ್ಲಿ ಒಂದಾದರೂ ಮಿತಿ ಮೀರಿ ಬರುವ ಸಂಭವ ಸುಮಾರು ಶೇ. 64. ಆ ಒಂದು ಅಂಕಿಯ ಹಿಂದೆ ಹೊರಟ ಆರೋಗ್ಯವಂತನು ತಜ್ಞರಿಂದ ತಜ್ಞರಿಗೆ, ಸ್ಕ್ಯಾನಿನಿಂದ ಸ್ಕ್ಯಾನಿಗೆ ಅಲೆಯುತ್ತಾನೆ.

ದಕ್ಷಿಣ ಕೊರಿಯಾದ ಅನುಭವ ಇದಕ್ಕೆ ಎಚ್ಚರಿಕೆಯ ಪಾಠವಾಗಿದೆ. ಅಲ್ಲಿ ಆರೋಗ್ಯವಂತರ ಥೈರಾಯ್ಡ್ ಗ್ರಂಥಿಯ ಅಲ್ಟ್ರಾಸೌಂಡ್ ತಪಾಸಣೆ ವ್ಯಾಪಕವಾದ ಮೇಲೆ, 1993ರಿಂದ 2011ರ ನಡುವೆ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ ಪ್ರಕರಣಗಳ ಪ್ರಮಾಣ 15 ಪಟ್ಟು ಏರಿತು. ಆದರೆ ಆ ರೋಗದಿಂದ ಸಾಯುವವರ ಪ್ರಮಾಣ ಬದಲಾಗಲಿಲ್ಲ. ಜೀವನಪರ್ಯಂತ ತೊಂದರೆ ಕೊಡದಿದ್ದ ಗಂಟುಗಳಿಗಾಗಿ ಸಾವಿರಾರು ಮಂದಿ ಶಸ್ತ್ರಚಿಕಿತ್ಸೆಗೆ ಒಳಗಾದರು.

ಆರೋಗ್ಯವಂತರ ಸಾರಾಸಗಟು ತಪಾಸಣೆಯನ್ನು ದಶಕಗಳಿಂದ ಪ್ರಶ್ನಿಸುತ್ತ ಬಂದವರಲ್ಲಿ ಮಂಗಳೂರಿನವರೇ ಆದ ಹೃದ್ರೋಗ ತಜ್ಞ, ಮಣಿಪಾಲ ವಿಶ್ವವಿದ್ಯಾಲಯದ ಮಾಜಿ ಕುಲಪತಿ, 2021ರಲ್ಲಿ ಪದ್ಮವಿಭೂಷಣ ಪುರಸ್ಕೃತರಾದ ಡಾ. ಬಿ.ಎಂ. ಹೆಗ್ಡೆಯವರು ಪ್ರಮುಖರು. ಅವರ ಎಲ್ಲ ಅಭಿಪ್ರಾಯಗಳನ್ನು ವೈದ್ಯಲೋಕ ಒಪ್ಪಿಲ್ಲವಾದರೂ ಈ ಪ್ರಶ್ನೆಯನ್ನು ಕರಾವಳಿಯ ಜನಸಾಮಾನ್ಯರ ಮುಂದಿಟ್ಟ ಶ್ರೇಯ ಅವರಿಗೆ ಸಲ್ಲುತ್ತದೆ. ರಕ್ತದೊತ್ತಡ, ಮಧುಮೇಹ, ಗರ್ಭಕೊರಳಿನ ಕ್ಯಾನ್ಸರ್ ಮುಂತಾದವುಗಳ ತಪಾಸಣೆಯನ್ನು ವಯಸ್ಸಿಗೆ ತಕ್ಕಂತೆ ಮಾಡಿಸುವುದು ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾವುದನ್ನು ಮಾಡಿಸಬೇಕೆಂದು ಹೇಳಬೇಕಾದವರು ವೈದ್ಯರೇ ಹೊರತು ಜಾಹೀರಾತಲ್ಲ.

ತೆರಿಗೆ ಉಳಿತಾಯಕ್ಕೆಂದು ವರ್ಷಾಂತ್ಯದಲ್ಲಿ ತಪಾಸಣೆ ಮಾಡಿಸುವವರೂ ಇದ್ದಾರೆ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿ ಸೆಕ್ಷನ್ ಅಡಿಯಲ್ಲಿ ಮುಂಜಾಗ್ರತಾ ತಪಾಸಣೆಗೆ ದೊರೆಯುತ್ತಿದ್ದ ಕಡಿತವು ಒಟ್ಟು ಮಿತಿಯೊಳಗೆ 5,000 ರೂಪಾಯಿ ಮಾತ್ರ. ಶೇ. 30ರ ತೆರಿಗೆ ಹಂತದಲ್ಲಿರುವವರಿಗೂ ಸೆಸ್ ಹೊರತುಪಡಿಸಿ ಇದರಿಂದ ಉಳಿಯುತ್ತಿದ್ದುದು 1,500 ರೂಪಾಯಿ. ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವವರಿಗೆ ಅದೂ ಇಲ್ಲ. 1,500 ಉಳಿಸಲು 5,000 ಖರ್ಚು ಮಾಡುವುದು ವ್ಯಾಪಾರದ ಜಾಣ್ಮೆ ಎನಿಸದು.

ವಿಮೆಯ ಕನ್ನಡಿಯಲ್ಲಿ

ಒಂದೇ ಪರೀಕ್ಷೆಯು ಹಣ ಪಾವತಿಯ ವಿಧಾನಕ್ಕನುಗುಣವಾಗಿ ಆಸ್ಪತ್ರೆಯ ಲೆಕ್ಕದಲ್ಲಿ ಬೇರೆ ಬೇರೆ ಕಡೆ ಕುಳಿತುಕೊಳ್ಳುತ್ತದೆ. ಪ್ರತಿಯೊಂದು ಸೇವೆಗೂ ಪ್ರತ್ಯೇಕ ಬಿಲ್ಲು ಮಾಡುವಾಗ ಪರೀಕ್ಷೆಯು ಆದಾಯದ ಬಾಬತ್ತು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಂತಹ ಯೋಜನೆಗಳಲ್ಲಿ ಇಡೀ ಚಿಕಿತ್ಸೆಗೆ ನಿಗದಿತ ಪ್ಯಾಕೇಜ್ ದರ ನೀಡುವಾಗ ಅದೇ ಪರೀಕ್ಷೆಯು ಬಹುತೇಕ ವೆಚ್ಚದ ಬಾಬತ್ತಾಗುತ್ತದೆ. ಮೊದಲನೆಯದರಲ್ಲಿ ಅತಿಯಾಗುವ ಅಪಾಯವಿದ್ದರೆ ಎರಡನೆಯದರಲ್ಲಿ ಕೊರತೆಯಾಗುವ ಅಪಾಯವಿದೆ.

ಖಾಸಗಿ ವಿಮೆಯಲ್ಲಿ ಇನ್ನೊಂದು ಗೊಂದಲವಿದೆ. ಹೊರರೋಗಿ ಪರೀಕ್ಷೆಗಳಿಗೆ ಹೆಚ್ಚಿನ ಪಾಲಿಸಿಗಳಲ್ಲಿ ಹಣ ದೊರೆಯದಿರುವುದರಿಂದ ‘ಎರಡು ದಿನ ಅಡ್ಮಿಟ್ ಆಗಿ ಎಲ್ಲ ಪರೀಕ್ಷೆ ಮಾಡಿಸಿಬಿಡೋಣ’ ಎಂದು ರೋಗಿಗಳೇ ಕೇಳುವುದುಂಟು. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಏಕರೂಪಗೊಳಿಸಿದ ಹೊರಗಿಡುವಿಕೆಗಳ ಪಟ್ಟಿಯಲ್ಲಿ, ಮುಖ್ಯವಾಗಿ ತಪಾಸಣೆಗಾಗಿಯೇ ದಾಖಲಾಗುವ ಪ್ರಕರಣಗಳ ವೆಚ್ಚವೂ, ಪ್ರಸ್ತುತ ರೋಗಕ್ಕೆ ಸಂಬಂಧಿಸದ ಪರೀಕ್ಷೆಗಳ ವೆಚ್ಚವೂ ಸೇರಿವೆ. ಆದ್ದರಿಂದ ಇಂತಹ ಕ್ಲೇಮು ತಿರಸ್ಕೃತವಾಗುವ ಸಂಭವವೇ ಅಧಿಕ. ಮಂಜೂರಾದರೂ ಲಾಭವಿಲ್ಲ. ಗುಂಪು ಪಾಲಿಸಿಯ ಮುಂದಿನ ವರ್ಷದ ಪ್ರೀಮಿಯಂ ಈ ವರ್ಷದ ಕ್ಲೇಮುಗಳನ್ನು ನೋಡಿಯೇ ನಿಗದಿಯಾಗುತ್ತದೆ. ನೌಕರರ ಅನಗತ್ಯ ತಪಾಸಣೆಯ ಹಣವನ್ನು ವಿಮಾ ಕಂಪೆನಿ ಕೊಟ್ಟಿತೆಂದು ಮಾಲಕರು ಭಾವಿಸಿದರೆ ಅದು ಒಂದು ವರ್ಷದ ಭ್ರಮೆಯಷ್ಟೇ.

ಕಾನೂನು ಏನು ಹೇಳುತ್ತದೆ?

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನೀತಿ ನಿಯಮಾವಳಿಯ 6.4ನೇ ನಿಯಮವು ರೋಗಿಗಳನ್ನು ಕಳುಹಿಸಿಕೊಟ್ಟದ್ದಕ್ಕಾಗಿ ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸಿದೆ. ರೋಗನಿರ್ಣಯದ ಪರೀಕ್ಷೆಗಳಿಗೂ ಇದು ಅನ್ವಯ. 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೊಸ ನಿಯಮಾವಳಿಯನ್ನು ಪ್ರಕಟಿಸಿತಾದರೂ ಅದೇ ತಿಂಗಳ 23ರಂದು ಅದನ್ನು ತಡೆಹಿಡಿದು 2002ರ ನಿಯಮಗಳನ್ನೇ ಮುಂದುವರಿಸಿತು. ನಮ್ಮ ರಾಜ್ಯದಲ್ಲಿ ವೈದ್ಯರ ವಿರುದ್ಧದ ದೂರುಗಳನ್ನು ಕರ್ನಾಟಕ ವೈದ್ಯಕೀಯ ಪರಿಷತ್ತು ವಿಚಾರಿಸುತ್ತದೆ.

ಆದಾಯ ತೆರಿಗೆಯ ಮಗ್ಗುಲು ಇನ್ನೂ ಬಿಗಿಯಾಗಿದೆ. ಕಾನೂನು ನಿಷೇಧಿಸಿದ ಉದ್ದೇಶಕ್ಕೆ ಮಾಡಿದ ವೆಚ್ಚವನ್ನು ವ್ಯವಹಾರದ ಖರ್ಚೆಂದು ಒಪ್ಪಲಾಗದೆಂಬ 1961ರ ಕಾಯ್ದೆಯ 37(1)ನೇ ಸೆಕ್ಷನ್ನಿನ ತತ್ವದ ಮೇರೆಗೆ, ಕ್ಯಾಪ್ ಸ್ಕ್ಯಾನ್ ಎಂಬ ಡಯಾಗ್ನಾಸ್ಟಿಕ್ ಸಂಸ್ಥೆಯು ವೈದ್ಯರಿಗೆ ಕೊಟ್ಟ ಕಮಿಷನ್ನನ್ನು ವೆಚ್ಚವಾಗಿ ಒಪ್ಪಲು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ನಿರಾಕರಿಸಿತು. ಔಷಧ ಕಂಪೆನಿಗಳು ವೈದ್ಯರಿಗೆ ನೀಡುವ ಉಡುಗೊರೆಗಳ ಕುರಿತು ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2022ರ ಫೆಬ್ರವರಿ 22ರಂದು ಇದೇ ನಿಲುವನ್ನು ತಳೆಯಿತು. ಅದೇ ವರ್ಷದ ಹಣಕಾಸು ಕಾಯ್ದೆಯು ಈ ಅಂಶವನ್ನು ವಿವರಣೆಯ ರೂಪದಲ್ಲಿ ಕಾನೂನಿಗೆ ಸೇರಿಸಿತು. ಶೇ. 35 ಕಮಿಷನ್ ಕೊಟ್ಟ ಲ್ಯಾಬು ಆ ಹಣ ಕೈಬಿಟ್ಟುಹೋದರೂ ಅದರ ಮೇಲೆ ತೆರಿಗೆಯನ್ನು ಕಟ್ಟಬೇಕಾಗುತ್ತದೆ ಎಂಬುದು ಇದರ ಅರ್ಥ.

ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು. ಅಂದಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಅವರು 2017ರಲ್ಲಿ ತಂದ ತಿದ್ದುಪಡಿಯ ವಿರುದ್ಧ ಖಾಸಗಿ ವೈದ್ಯರು ನವೆಂಬರ್ ತಿಂಗಳಲ್ಲಿ ಮುಷ್ಕರ ಹೂಡಿದ್ದು ಅನೇಕರ ನೆನಪಿನಲ್ಲಿರಬಹುದು. ಕೆಲವು ಕಠಿಣ ಅಂಶಗಳನ್ನು ಸಡಿಲಿಸಿದ ಬಳಿಕ ಅಂಗೀಕೃತವಾದ ಆ ತಿದ್ದುಪಡಿಯು ರೋಗಿಗಳ ಹಕ್ಕುಪತ್ರವನ್ನೂ ಜಿಲ್ಲಾಧಿಕಾರಿಗಳ ನೇತೃತ್ವದ ಕುಂದುಕೊರತೆ ಪ್ರಾಧಿಕಾರವನ್ನೂ ಒಳಗೊಂಡಿದೆ.

ವಾಣಿಜ್ಯೋದ್ಯಮಿಗಳು ಗಮನಿಸಬೇಕಾದ ಅಂಶಗಳು

1. ತುರ್ತು ಸಂದರ್ಭವಲ್ಲದಿದ್ದಲ್ಲಿ ವೈದ್ಯರನ್ನು ವಿನಯದಿಂದ ಮೂರು ಪ್ರಶ್ನೆ ಕೇಳಬಹುದು: ಈ ಪರೀಕ್ಷೆಯ ಫಲಿತಾಂಶದಿಂದ ಚಿಕಿತ್ಸೆ ಬದಲಾಗುವುದೇ? ಕೆಲವು ದಿನ ಕಾದು ನೋಡಬಹುದೇ? ಹಳೆಯ ವರದಿ ಸಾಲದೇ? ಉತ್ತರ ಕೇಳದೆ ಸ್ವಂತ ತೀರ್ಮಾನದಿಂದ ಪರೀಕ್ಷೆಯನ್ನು ಕೈಬಿಡುವುದು ಮಾತ್ರ ಸಲ್ಲದು.

2. ಕುಟುಂಬದ ಪ್ರತಿಯೊಬ್ಬರ ವರದಿ, ಫಿಲ್ಮ್, ಸಿ.ಡಿ.ಗಳನ್ನು ದಿನಾಂಕವಾರು ಒಂದೇ ಕಡತದಲ್ಲಿ ಇಡಬೇಕು. ವ್ಯಾಪಾರದ ವೋಚರುಗಳನ್ನು ಜೋಪಾನ ಮಾಡುವಷ್ಟೇ ಶ್ರದ್ಧೆ ಇಲ್ಲಿಯೂ ಇದ್ದರೆ ಅನೇಕ ಪುನರಾವರ್ತಿತ ಪರೀಕ್ಷೆಗಳು ತಪ್ಪುತ್ತವೆ.

3. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಪರೀಕ್ಷೆ ಮಾಡಿಸುವ ಸ್ಥಳವನ್ನು ಆರಿಸಿಕೊಳ್ಳುವ ಹಕ್ಕು ಸೇರಿದೆ. ಇಂಥದೇ ಲ್ಯಾಬು ಎಂದು ಸೂಚಿಸಿದಲ್ಲಿ ಕಾರಣ ಕೇಳಬಹುದು. ಗುಣಮಟ್ಟವೇ ಕಾರಣವಾಗಿದ್ದರೆ ಅದನ್ನು ಗೌರವಿಸಬೇಕು. ಎನ್.ಎ.ಬಿ.ಎಲ್. ಮಾನ್ಯತೆ ಪಡೆದ ಲ್ಯಾಬುಗಳ ವರದಿಗೆ ಇತರೆಡೆ ಮನ್ನಣೆ ದೊರೆಯುವ ಸಾಧ್ಯತೆ ಅಧಿಕ.

4. ಆಸ್ಪತ್ರೆಗೆ ದಾಖಲಾಗುವ ಮುನ್ನ ಅದೇ ಕಾಯಿಲೆಗಾಗಿ ಮಾಡಿಸಿದ ಪರೀಕ್ಷೆಗಳಿಗೆ ಹಲವು ಪಾಲಿಸಿಗಳಲ್ಲಿ 30 ದಿನಗಳವರೆಗಿನ ವೆಚ್ಚ ದೊರೆಯುತ್ತದೆ. ರಶೀದಿ ಮತ್ತು ವೈದ್ಯರ ಚೀಟಿಯನ್ನು ಕಾಯ್ದಿರಿಸಿದರೆ ಪರೀಕ್ಷೆಗಾಗಿಯೇ ದಾಖಲಾಗುವ ಪ್ರಮೇಯ ಬರುವುದಿಲ್ಲ.

5. ನೌಕರರಿಗೆ ವಾರ್ಷಿಕ ತಪಾಸಣೆ ಏರ್ಪಡಿಸುವಾಗ ಪರೀಕ್ಷೆಗಳ ಸಂಖ್ಯೆಯನ್ನು ನೋಡಿ ಪ್ಯಾಕೇಜ್ ಕೊಳ್ಳುವ ಬದಲು ಮೊದಲು ವೈದ್ಯರೊಬ್ಬರ ಸಲಹೆ ಪಡೆದು ವಯಸ್ಸು ಮತ್ತು ಕೆಲಸಕ್ಕೆ ತಕ್ಕ ಪಟ್ಟಿಯನ್ನು ಸಿದ್ಧಪಡಿಸುವುದು ಒಳಿತು. ಅಪಾಯಕಾರಿ ಪ್ರಕ್ರಿಯೆಗಳ ಕಾರ್ಖಾನೆಗಳಲ್ಲಿ ಕಾನೂನಿನಂತೆ ನಡೆಸಬೇಕಾದ ತಪಾಸಣೆಯನ್ನು ಇದರೊಂದಿಗೆ ಬೆರೆಸಬಾರದು.

6. ಲ್ಯಾಬು, ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ಬಂಡವಾಳ ಹೂಡುವವರು ಯೋಜನಾ ವರದಿಯಲ್ಲಿ ರೆಫರಲ್ ಕಮಿಷನ್ನಿಗೆ ಬಾಬತ್ತು ಇರಿಸದೆ ಲೆಕ್ಕ ಹಾಕಬೇಕು. ಕಮಿಷನ್ ಇಲ್ಲದೆ ನಿಲ್ಲಲಾರದ ಯೋಜನೆಯು ತೆರಿಗೆ ಕಾನೂನಿನ ಮುಂದೆಯೂ ನಿಲ್ಲಲಾರದು.

ಬೇಡವೆನ್ನುವ ಮಾತಿನ ಬೆಲೆ

ಕೊನೆಯದಾಗಿ ವ್ಯಾಪಾರಸ್ಥರಿಗೆ ಸುಲಭವಾಗಿ ಅರ್ಥವಾಗುವ ಒಂದು ಅಂಶ. ರೋಗಿಯ ಮಾತನ್ನು ಇಪ್ಪತ್ತು ನಿಮಿಷ ಕೇಳಿ, ಕೈಯಿಂದ ಮುಟ್ಟಿ ಪರೀಕ್ಷಿಸಿ, ‘ಯಾವ ಸ್ಕ್ಯಾನೂ ಬೇಡ, ಎರಡು ವಾರ ಬಿಟ್ಟು ಬನ್ನಿ’ ಎನ್ನುವ ವೈದ್ಯರಿಗೆ ದೊರೆಯುವುದು ಸಮಾಲೋಚನೆಯ ಶುಲ್ಕ ಮಾತ್ರ. ಆ ಶುಲ್ಕ ನೂರು ರೂಪಾಯಿ ಏರಿದರೆ ಗೊಣಗುವ ಸಮಾಜವು ಸಾವಿರಾರು ರೂಪಾಯಿಯ ಸ್ಕ್ಯಾನಿನ ಬಿಲ್ಲನ್ನು ಮರುಮಾತಿಲ್ಲದೆ ಪಾವತಿಸುತ್ತದೆ. ಯಂತ್ರದ ವರದಿಗೆ ಹಣ ಕೊಟ್ಟು ಅನುಭವದ ತೀರ್ಮಾನಕ್ಕೆ ಚೌಕಾಶಿ ಮಾಡಿದರೆ ಮಾರುಕಟ್ಟೆಯಲ್ಲಿ ಯಾವುದು ಬೆಳೆಯುತ್ತದೆ, ಯಾವುದು ಸೊರಗುತ್ತದೆ ಎಂಬುದನ್ನು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಕಮಿಷನ್ನನ್ನು ತಡೆಯಬಹುದು, ತೆರಿಗೆ ಇಲಾಖೆ ಲಕೋಟೆಗಳನ್ನು ಹಿಡಿಯಬಹುದು. ಆದರೆ ಸಮಯ ಕೊಟ್ಟು ನೋಡುವ ವೈದ್ಯರಿಗೆ ತಕ್ಕ ಶುಲ್ಕವನ್ನೂ, ಅವರ ‘ಬೇಡ’ ಎಂಬ ಮಾತಿಗೆ ತಕ್ಕ ಗೌರವವನ್ನೂ ಕೊಡಬೇಕಾದವರು ಗ್ರಾಹಕರೇ. ಹೆಚ್ಚಿನ ಊರುಗಳಲ್ಲಿ ಇಲ್ಲದಷ್ಟು ವೈದ್ಯರೂ ಆಸ್ಪತ್ರೆಗಳೂ ಇರುವ ಮಂಗಳೂರಿನಲ್ಲಿ ಅಂತಹ ವೈದ್ಯರನ್ನು ಹುಡುಕುವುದು ಕಷ್ಟವಲ್ಲ. ಅವರನ್ನು ಉಳಿಸಿಕೊಳ್ಳುವುದು ಈ ನಗರದ ಗ್ರಾಹಕರ ಕೈಯಲ್ಲಿದೆ.